ಬೆನ್ನುನೋವಿನ ಕುರ್ಚಿಗಳು

ಮಾತಿನಮಲ್ಲಿ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಬಾಯಿಗೆ ಬೀಗ ಹಾಕಿದರೆ ಕಣ್ಣಲ್ಲೇ ಮಾತಾಡುವ ಪೈಕಿ. ಊರವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ಕಾರ್ಖಾನೆಯಲ್ಲಿ ಅವಳ ಕೆಲಸ. ಈ ಹುಡುಗಿಯ ಬಾಯಿ ಮುಚ್ಚಿಸುವ ಸೆಟ್ಟೊಂದು ಮಾತ್ರ ಇನ್ನೂ ತಯಾರಾಗಿಲ್ಲ ಎಂದು ಯಜಮಾನರೇ ನಗುತ್ತಿದ್ದರು. ಅಂಥವಳು ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡು ಕೂತಳು, ಅದೂ ಕೂರಬಾರದ ಹೊತ್ತಿನಲ್ಲಿ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ಹಜಾರ. ಒಂದು ಗೋಡೆಗೆ ಸಾಲು ಕಿಟಕಿ, ಎದುರು ಗೋಡೆಗೆ ಸಾಲು ನಲ್ಲಿ. ಕಿಟಕಿ ಕಡೆ ಬೆಳಕು ಚೆನ್ನಾಗಿರುವುದರಿಂದ ಹಲ್ಲಿನ ಬಣ್ಣ ಹೊಂದಿಸುವುದು, ಪಾಲಿಶ್ ಮಾಡುವುದು ಅಲ್ಲಿ. ನಲ್ಲಿ ಕಡೆ ಗಾರೆ ಕಲಸಿ ದವಡೆಯ ಅಚ್ಚು ಎರೆಯುವ ಕೆಲಸ. ಯಾರು ಯಾವಾಗ ಹಂಚಿದರೋ, ಕಿಟಕಿ ಕಡೆಗೆಲ್ಲ ಮಲ್ಲಿಯ ಮಾತಿನವರು, ನಲ್ಲಿ ಕಡೆಗೆಲ್ಲ ಇನ್ನೊಂದು ಭಾಷೆಯವರು. ಜಗಳವೇನಿಲ್ಲ. ಊಟದ ಡಬ್ಬಿ ಬಿಚ್ಚಿದಾಗ ಈ ಕಡೆ ನಗು ಎದ್ದರೆ ಆ ಕಡೆಯವರು ತಲೆ ಎತ್ತಿ ನೋಡಿ ಮತ್ತೆ ಊಟ ಮಾಡುತ್ತಿದ್ದರು, ಅಷ್ಟೇ.

ಎರಡಕ್ಕೂ ನಡುವೆ ಒಂದು ಮೇಜು. ಅಲ್ಲಿ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದರು. ಮೇಲ್ದವಡೆ ಒಬ್ಬರು, ಕೆಳದವಡೆ ಇನ್ನೊಬ್ಬರು ಮಾಡುವುದು ಅಲ್ಲಿನ ಪದ್ಧತಿ. ಎರಡನ್ನೂ ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿಗೆ ಸಿಕ್ಕಿಸಿ, ನಡುವೆ ತೆಳ್ಳನೆಯ ನೀಲಿ ಕಾಗದವಿಟ್ಟು ಟಕಟಕ ಕಚ್ಚಿಸಬೇಕು. ಎಲ್ಲ ಹಲ್ಲಿನ ಮೇಲೂ ನೀಲಿ ಗುರುತು ಒಂದೇ ಸಮ ಬಿದ್ದರೆ ಕೆಲಸ ಕೂಡಿತು. ಒಂದೇ ಪಕ್ಕಕ್ಕೆ ಬಿದ್ದರೆ ಮತ್ತೆ ದೀಪ ಹಚ್ಚು, ಚಾಕು ಕಾಯಿಸು, ಮೇಣ ಕರಗಿಸು. ಮೇಲ್ದವಡೆ ಮಲ್ಲಿಯದು. ಕೆಳದವಡೆ ನಲ್ಲಿ ಕಡೆಯಿಂದ ಬಂದ ಹುಡುಗಿಯೊಬ್ಬಳದು.

ಆ ಹುಡುಗಿ ಹೊಸದರಲ್ಲಿ ಮೇಣದ ಚಾಕುವನ್ನು ಮಚ್ಚು ಹಿಡಿದಂತೆ ಹಿಡಿಯುತ್ತಿದ್ದಳು. ಮಲ್ಲಿ ಅವಳ ಕೈ ಹಿಡಿದು "ಮೆತ್ತಗೆ, ಮೆತ್ತಗೆ" ಎನ್ನುತ್ತಾ ಕಲಿಸಿದಳು. ಈ ಮಾತಿನಲ್ಲಿ ಅವಳು ಕಲಿತ ಮೊದಲ ಪದ ಅದೇ. ಲೋಟ ಇಡುವಾಗ ಮೆತ್ತಗೆ, ಬಾಗಿಲು ಹಾಕುವಾಗ ಮೆತ್ತಗೆ. ಕಿಟಕಿ ಕಡೆಯವರು ಮೆತ್ತಕ್ಕ ಎಂದು ಹೆಸರಿಟ್ಟರು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೆಸರಿಗೆ ಮಾತ್ರ ಅಕ್ಕ. ವರ್ಷ ಕಳೆಯುವುದರೊಳಗೆ ಮೆತ್ತಕ್ಕ ಇವರ ಮಾತನ್ನು ನೀರು ಕುಡಿದಷ್ಟು ಸಲೀಸಾಗಿ ಆಡತೊಡಗಿದಳು. ಮಲ್ಲಿ ಅವಳ ಮಾತಿನಲ್ಲಿ ಕಲಿತದ್ದು ಎರಡೇ ಪದ, ಒಂದು 'ನೀರು', ಇನ್ನೊಂದು 'ಸಾಕು'. ಕಲಿಯಲು ಪುರುಸೊತ್ತೆಲ್ಲಿ, ದಿನವಿಡೀ ತಾನೇ ಮಾತಾಡುತ್ತಿದ್ದಳಲ್ಲ.

ಕಾಯಿಲೆಯ ವಿಷಯದಲ್ಲಿ ಮಾತ್ರ ಎರಡು ಕಡೆಯವರದೂ ಎರಡು ದಾರಿ. ಕಿಟಕಿ ಕಡೆ ಒಬ್ಬರು ಮಲಗಿದರೆ ಉಳಿದವರೆಲ್ಲ ಸಂಜೆ ದಂಡು ಕಟ್ಟಿಕೊಂಡು ಹೋಗುವುದು, ಮಂಚದ ಸುತ್ತ ಕೂರುವುದು, ರೋಗಿಗೆ ತಂದ ಹಣ್ಣನ್ನು ತಾವೇ ಸುಲಿದು ತಿನ್ನುತ್ತಾ ತಲೆಗೊಂದು ಔಷಧಿ ಹೇಳುವುದು. ನಲ್ಲಿ ಕಡೆಯವರು ಹಾಗಲ್ಲ. ಕಾಯಿಲೆಯವರ ಮನೆ ಬಾಗಿಲು ತಟ್ಟುವುದು ಅವರಲ್ಲಿ ಮರ್ಯಾದೆಯಲ್ಲ. ಮಲಗಿದವರು ಎದ್ದು ಬಂದ ದಿನ, ನಿನ್ನೆಯೂ ಇಲ್ಲೇ ಇದ್ದರು ಎಂಬಂತೆ ಜಾಗ ಬಿಟ್ಟುಕೊಡುತ್ತಿದ್ದರು.

ಆ ವರ್ಷ ಯಜಮಾನರು ಹೊಸದೊಂದು ನಿಯಮ ತಂದರು. ಮನಸ್ಸಿಗೆ ಹುಷಾರಿಲ್ಲದಿದ್ದರೂ ಡಾಕ್ಟರ ಚೀಟಿ ತಂದರೆ ರಜೆ ಕೊಡುವುದಾಗಿ ಹೇಳಿದರು. ನಲ್ಲಿ ಕಡೆಯ ಹುಡುಗ ಹುಡುಗಿಯರು ಜ್ವರ ಬಂದಿದೆ ಎನ್ನುವಷ್ಟೇ ಸಲೀಸಾಗಿ ಮನಸ್ಸು ಸೋತಿದೆ ಎಂದು ಹೇಳಿ ಹೋಗಿ ಬರತೊಡಗಿದರು. ಕಿಟಕಿ ಕಡೆಯವರಿಗೆ ಅದು ತಮಾಷೆ. ಪಾಲಿಶ್ ಚಕ್ರದ ಮುಂದೆ ಕೂರುವ ಹಿರಿಯಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. "ಮನಸ್ಸಿಗೆ ರಜೆ ಕೊಟ್ರೆ ಅದು ಹೋಗೋದಾದ್ರೂ ಎಲ್ಲಿಗೆ?" ಎಂದು ಆಕೆ ಕೇಳಿದ್ದಕ್ಕೆ ಈ ಕಡೆ ಒಂದು ವಾರ ನಗು.

ಹಾಗಂತ ಕಿಟಕಿ ಕಡೆಯ ಎಳೆಯರ ಮನಸ್ಸೇನು ಉಕ್ಕಿನದಲ್ಲ. ಅದು ಸೋತಾಗ ಅವರು ಬೇರೆ ಹೆಸರು ಹೇಳುತ್ತಿದ್ದರು. ಜ್ವರವೆಂದರೆ ಹಣೆ ಮುಟ್ಟಿ ನೋಡುತ್ತಾರೆ, ಹೊಟ್ಟೆಯೆಂದರೆ ಏನು ತಿಂದೆ ಎಂದು ಕೇಳುತ್ತಾರೆ. ಬೆನ್ನೆಂದರೆ ಆ ರಗಳೆಯಿಲ್ಲ. ಹೀಗಾಗಿ ಕಿಟಕಿ ಕಡೆ ಒಬ್ಬರಾದ ಮೇಲೆ ಒಬ್ಬರಿಗೆ ಬೆನ್ನು ಹಿಡಿಯಿತು.

ಮಲ್ಲಿಗೂ ಹಿಡಿಯಿತು. ಒಂದು ಬೆಳಗ್ಗೆ ಅವಳಿಗೆ ಕಾಲು ನೆಲಕ್ಕಿಡಲು ಆಗಲಿಲ್ಲ. ಕಾರಣ ಕೇಳಿದರೆ ಹೇಳಲು ಅವಳ ಹತ್ತಿರವೂ ಇರಲಿಲ್ಲ. ಗೋಡೆ ನೋಡಿದರೆ ಅಳು, ಬಾಚಣಿಗೆ ನೋಡಿದರೆ ಅಳು. ಇಷ್ಟು ಮಾತಾಡುವ ಹೆಣ್ಣಿಗೆ ಇದಕ್ಕೊಂದು ಮಾತು ಸಿಗಲಿಲ್ಲ. ಅವಳಮ್ಮ ಬಾಗಿಲ ಹತ್ತಿರ ಬಹಳ ಹೊತ್ತು ನಿಂತು ನೋಡಿ, "ಮದುವೆ ಆಗಬೇಕಾದ ಹುಡುಗಿ ನೀನು. ಬೆನ್ನು ಅಂತಲೇ ಹೇಳಿ ಕಳಿಸ್ತೀನಿ," ಎಂದರು. ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆಯಿತ್ತು.

ಸಂಜೆ ದಂಡು ಬಂತು. ಚಿಕ್ಕ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ, ಮಂಚದ ತುದಿಗೆ ಮೂವರು. ದೊಡ್ಡಮ್ಮ ನೋವಿನ ಎಣ್ಣೆಯ ಸೀಸೆ ತಂದಿದ್ದರು. ಬೇಡ ಬೇಡವೆಂದರೂ ಕೇಳದೆ ಮಲ್ಲಿಯನ್ನು ಬೋರಲು ಮಲಗಿಸಿ ಬೆನ್ನು ತಿಕ್ಕಿದರು. ಎಷ್ಟೋ ದಿನದಿಂದ ಯಾರೂ ಹಾಗೆ ಮುಟ್ಟಿರಲಿಲ್ಲ. ಮಲ್ಲಿ ದಿಂಬಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ನೋಡ್ರೇ, ಎಷ್ಟು ನೋಯ್ತಿದೆ ಪಾಪ!" ಎಂದು ದೊಡ್ಡಮ್ಮ ಇನ್ನೂ ಒತ್ತಿ ತಿಕ್ಕಿದರು.

ದಂಡಿನ ಹಿಂದೆ ಮೆತ್ತಕ್ಕನೂ ಬಂದಿದ್ದಳು. ತನ್ನವರ ರೀತಿ ಬಿಟ್ಟು ಬಂದದ್ದಕ್ಕೋ ಏನೋ, ಹೊಸ್ತಿಲ ಹತ್ತಿರವೇ ನಿಂತು ಕಣ್ಣರಳಿಸಿ ಎಲ್ಲ ನೋಡುತ್ತಿದ್ದಳು. ಎಲ್ಲರೂ ಹೊರಟ ಮೇಲೆ ಅವಳೊಬ್ಬಳು ಉಳಿದು, ಕಾಫಿ ಕುಡಿದ ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಅಕ್ಕ, ಬೆನ್ನು ಅಲ್ಲ, ಅಲ್ವಾ?"

ಹೇಳಿಬಿಡಬಹುದಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅಮ್ಮ ದಂಡನ್ನು ಬೀಳ್ಕೊಡಲು ಕೆಳಗೆ ಹೋಗಿದ್ದರು.

"ಬೆನ್ನೇ ಕಣೆ. ಇನ್ನೇನಿರುತ್ತೆ?" ಎಂದಳು. ಸಿಕ್ಕಿಬಿದ್ದವರು ಮಾಡುವಂತೆ ಮಾತನ್ನು ಬೇರೆ ಕಡೆ ತಿರುಗಿಸಿದಳು. "ನಿಮ್ಮವರೇ ವಾಸಿ ನೋಡು. ಹುಷಾರಿಲ್ಲ ಅಂದ್ರೆ ಅವರ ಪಾಡಿಗೆ ಬಿಡ್ತೀರಿ. ಇವರು ನೋಡು, ಸಂತೆ ಮಾಡಿ ಹೋದ್ರು. ನನ್ನನ್ನೂ ಹಾಗೆ ಬಿಟ್ಟಿದ್ರೆ ಸಾಕಿತ್ತು."

"ನನಗೆ ಈ ಸಂತೆ ಇಷ್ಟ ಆಯ್ತು," ಎಂದಳು ಮೆತ್ತಕ್ಕ. "ಚಿಕ್ಕವಳಿದ್ದಾಗ ಹುಷಾರಿಲ್ಲದಿದ್ರೆ ನಾನು ಬಾಗಿಲು ನೋಡ್ತಾ ಮಲಗ್ತಿದ್ದೆ. ನಮ್ಮಲ್ಲಿ ಯಾರೂ ಬರೋದಿಲ್ಲ ಅಂತ ಗೊತ್ತು. ಆದ್ರೂ ನೋಡ್ತಿದ್ದೆ."

ಮಲ್ಲಿ ಕೇಳಿಸಿಕೊಂಡಳು. ಆದರೆ ತನ್ನ ಸುಳ್ಳು ದಕ್ಕಿತೋ ಇಲ್ಲವೋ ಎಂಬ ಚಿಂತೆಯಲ್ಲಿ ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು.

ಅವಳು ಕೆಲಸಕ್ಕೆ ಮರಳುವಷ್ಟರಲ್ಲಿ ಯಜಮಾನರು ಬೆನ್ನುಗಳ ಹಾವಳಿಗೆ ಗಾಬರಿಯಾಗಿದ್ದರು. ಹಳೆಯ ಮರದ ಕುರ್ಚಿಗಳದೇ ತಪ್ಪೆಂದು ತೀರ್ಮಾನಿಸಿ, ಎಲ್ಲರಿಗೂ ಮೆತ್ತೆ ಹಾಕಿದ, ಬೆನ್ನಿಗೆ ಆನಿಕೆಯಿರುವ ಹೊಸ ಕುರ್ಚಿ ತರಿಸಿದರು. ಕಿಟಕಿ ಕಡೆಯವರು ಒಬ್ಬರ ಮುಖ ಒಬ್ಬರು ನೋಡದೆ ಅವುಗಳ ಮೇಲೆ ಕೂತರು. ತಮ್ಮ ಸುಳ್ಳಿನ ಮೇಲೆ ಅಷ್ಟು ಸುಖವಾಗಿ ಕೂತವರು ಲೋಕದಲ್ಲಿ ಕಡಿಮೆ. ಹಳೆಯ ಕುರ್ಚಿಗಳನ್ನು ನಲ್ಲಿ ಕಡೆಯ ಗಾರೆಯವನು ತಳ್ಳುಗಾಡಿಯಲ್ಲಿ ಮನೆಗೆ ಸಾಗಿಸಿದ. ಅವುಗಳಲ್ಲಿ ಮಲ್ಲಿಯದೂ ಇತ್ತು, ಅದರ ಕೈ ಮೇಲೆ ಕೆಂಪು ಮೇಣ ಬಿದ್ದು ಗಟ್ಟಿಯಾಗಿತ್ತು.

ಕೆಲವು ತಿಂಗಳಾದ ಮೇಲೆ ಮೆತ್ತಕ್ಕನ ಕೆಳದವಡೆಗಳು ತಪ್ಪತೊಡಗಿದವು. ನೀಲಿ ಗುರುತು ಒಂದೇ ಪಕ್ಕಕ್ಕೆ. ಚಾಕು ಕಾಯಿಸಲು ಹಿಡಿದವಳು ದೀಪದ ಉರಿಯನ್ನೇ ನೋಡುತ್ತಾ ಕೂತುಬಿಡುತ್ತಿದ್ದಳು, ಹಿಡಿ ಬಿಸಿಯಾಗಿ ಬೆರಳು ಸುಟ್ಟಾಗಲೇ ಎಚ್ಚರ. ಮಲ್ಲಿ ಮಾತು ಜಾಸ್ತಿ ಮಾಡಿದಳು, ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ. ಕದ್ದುಮುಚ್ಚಿ ಅವಳ ದವಡೆಯನ್ನೂ ತಾನೇ ಸರಿಮಾಡಿ ಇಟ್ಟಳು. ಒಂದು ಸಂಜೆ ಮೆತ್ತಕ್ಕ ಚಾಕು, ಬ್ರಷ್ಷು ಎಲ್ಲ ಒರೆಸಿ ಡಬ್ಬಿಗೆ ಹಾಕಿ ಎದುರು ನಿಂತಳು.

"ಅಕ್ಕ, ನಾಳೆಯಿಂದ ರಜೆ ಹಾಕ್ತಿದ್ದೀನಿ. ಮನಸ್ಸು ಸರಿಯಿಲ್ಲ." ಸ್ವಲ್ಪ ತಡೆದು ಹೇಳಿದಳು, "ಗಾರೆ ಅಣ್ಣನ ಬೀದಿನೇ. ಸೈಕಲ್ ಅಂಗಡಿ ಪಕ್ಕ ಮೆಟ್ಟಿಲಿದೆ. ಮೇಲೆ ಹೋದ್ರೆ ನೀಲಿ ಬಾಗಿಲು. ಬೆಲ್ ಕೆಟ್ಟಿದೆ, ತಟ್ಟಬೇಕು."

ನಲ್ಲಿ ಕಡೆಯ ಯಾರೂ, ಎಂದೂ, ರಜೆ ಹೇಳುವಾಗ ಮನೆಯ ದಾರಿ ಹೇಳಿದ್ದಿಲ್ಲ. ಮಲ್ಲಿಗೆ ಅದು ಹೊಳೆಯಲಿಲ್ಲ ಎಂದರೆ ಅರ್ಧ ಸುಳ್ಳು. ಹೊಳೆಯಿತು, ಅವಳೇ ಅದನ್ನು ಪಕ್ಕಕ್ಕೆ ಸರಿಸಿದಳು. "ಹುಷಾರು ಕಣೆ," ಎಂದು ಮೇಣದ ಕಡೆ ಬಗ್ಗಿದಳು.

ಮಾರನೆಯ ದಿನವೇ ದೊಡ್ಡಮ್ಮ ಸೆರಗು ಕೊಡವಿ ಎದ್ದರು. "ನಡೀರಿ, ಸಂಜೆ ಆ ಹುಡುಗಿನ ನೋಡ್ಕೊಂಡು ಬರೋಣ. ನಮ್ಮ ಮೆತ್ತಕ್ಕ ತಾನೆ."

"ಬೇಡ ದೊಡ್ಡಮ್ಮ," ಎಂದಳು ಮಲ್ಲಿ. "ಅವರಲ್ಲಿ ಹಾಗೆ ಹೋಗೋದಿಲ್ಲ. ತಪ್ಪು ತಿಳ್ಕೊಳ್ತಾರೆ. ಅವಳ ಪಾಡಿಗೆ ಬಿಡೋಣ."

"ಅದೂ ಸರಿ. ಅವರ ರೀತಿ ನೀತಿ ಗೊತ್ತಿರೋಳು ನೀನೇ," ಎಂದು ದೊಡ್ಡಮ್ಮ ಮತ್ತೆ ಕೂತರು. ಎಲ್ಲರೂ ತಲೆದೂಗಿದರು. ಮಲ್ಲಿಗೆ ಒಳಗೊಳಗೇ ಹೆಮ್ಮೆಯಾಯಿತು. ಇನ್ನೊಬ್ಬರ ಮರ್ಯಾದೆ ಕಾಯುವುದೆಂದರೆ ಇದೇ ಅಲ್ಲವೇ ಎಂದುಕೊಂಡಳು.

ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಎದುರಿಗೆ ಹೊಸಬನೊಬ್ಬ ಕೂತ. ಅವನ ದವಡೆ ಕೂಡುತ್ತಿತ್ತು, ಆದರೆ ಮಲ್ಲಿಗೆ ಮಾತು ಕೂಡುತ್ತಿರಲಿಲ್ಲ. ಒಂದು ಸಂಜೆ ಹಣ್ಣು ಕೊಂಡು ಸೈಕಲ್ ಅಂಗಡಿಯವರೆಗೂ ಹೋದಳು. ಮೆಟ್ಟಿಲು ಕಂಡಿತು, ಮೇಲೆ ನೀಲಿ ಬಾಗಿಲೂ ಕಂಡಿತು. ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ, ಅವನು ತುಂಬಿ ಮುಗಿಸುವವರೆಗೂ ಅಲ್ಲೇ ನಿಂತಳು. ಒಳಗೆ ಹೋದರೆ ಮೆತ್ತಕ್ಕ ನೇರವಾಗಿ ತನ್ನ ಮನಸ್ಸಿನದು ಹೇಳುತ್ತಾಳೆ. ಆಮೇಲೆ ನಿಮ್ಮ ಬೆನ್ನು ಹೇಗಿದೆ ಅಕ್ಕ ಎಂದು ಕೇಳುತ್ತಾಳೆ. ಆಗ ಎಲ್ಲಿ ಮುಖವಿಟ್ಟುಕೊಳ್ಳುವುದು? ಅವರ ರೀತಿ, ಅವರ ಮರ್ಯಾದೆ ಎಂದೆಲ್ಲ ತಾನು ಹೇಳಿದ್ದು ಈ ಹೆದರಿಕೆಗೆ ಹೊದಿಸಿದ ಹೊದಿಕೆಯೆಂದು ಮಲ್ಲಿಗೆ ಅಲ್ಲೇ ಗೊತ್ತಾಯಿತು. ಗೊತ್ತಾದರೂ ತಿರುಗಿ ಮನೆಗೆ ಹೋದಳು. ಹಣ್ಣನ್ನು ಅಮ್ಮನೂ ಅವಳೂ ತಿಂದರು.

ಅರ್ಧ ದಿನದ ಕೆಲಸವಿದ್ದ ಒಂದು ಶನಿವಾರ. ಎಲ್ಲರೂ ಏಪ್ರನ್ ಬಿಚ್ಚಿ ಹೊರಡುವಾಗ ಗಾರೆಯವನು ಮಲ್ಲಿಯ ಹತ್ತಿರ ಬಂದು ನಿಂತ. ಕೈಯಲ್ಲಿನ ಒಣಗಿದ ಗಾರೆಯನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದ. ಹರಕು ಮುರುಕಾಗಿ ಇವರ ಮಾತು ಅವನಿಗೂ ಬರುತ್ತಿತ್ತು.

"ನಾವು ಇದನ್ನ ಹೇಳಬಾರದು. ಆದ್ರೂ ಹೇಳ್ತೀನಿ. ಆ ಹುಡುಗಿ ಇವತ್ತು ಹೊರಡ್ತಾಳೆ. ಅಣ್ಣ ಬಂದಿದ್ದಾನೆ, ತನ್ನ ಊರಿಗೆ ಕರ್ಕೊಂಡು ಹೋಗ್ತಾನೆ. ಮತ್ತೆ ಬರಲ್ಲ."

ಮಲ್ಲಿ ಏಪ್ರನ್ನಿನ ಗಂಟಿನಿಂದ ಕೈ ತೆಗೆದು ಅವನ ಕಡೆ ತಿರುಗಿದಳು.

"ರಜೆ ಹಾಕಿದ ದಿನ ನಮ್ಮನೆಗೆ ಬಂದು ಆ ಹಳೇ ಕುರ್ಚಿಗಳನ್ನ ಕೇಳಿ ಇಸ್ಕೊಂಡಳು. ನಾನೇ ಮೇಲೆ ಹೊತ್ತು ಹಾಕಿದೆ. ನಿನ್ನೆ ವಾಪಸ್ ತಂದುಕೊಟ್ಟಳು."

"ಒಬ್ಬಳಿಗೆ ಅಷ್ಟು ಕುರ್ಚಿ ಯಾಕೆ?"

ಅವನು ಇಂಥ ದಡ್ಡ ಪ್ರಶ್ನೆ ಕೇಳಿದ್ದೇ ಇಲ್ಲ ಎಂಬಂತೆ ನೋಡಿದ. "ನೀವೆಲ್ಲ ಬರ್ತೀರಿ ಅಂತ. ನೀವು ಒಬ್ಬೊಬ್ಬರೇ ಬರೋದಿಲ್ವಲ್ಲ."

ಮಲ್ಲಿ ಏಪ್ರನ್ ಬಿಚ್ಚುವುದನ್ನೂ ಮರೆತು ಬೀದಿಗೆ ಓಡಿದಳು. ಗಾರೆಯವನು ಹಿಂದೆ ಉಳಿದ. ಸೈಕಲ್ ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತ್ತು, ಮೆತ್ತಕ್ಕನ ಅಣ್ಣನಿರಬೇಕು, ಹಾಸಿಗೆಯ ಸುರುಳಿಗೆ ಹಗ್ಗ ಬಿಗಿಯುತ್ತಿದ್ದ. ಅವಳು ಮೆಟ್ಟಿಲು ಹತ್ತಿದಳು. ನೀಲಿ ಬಾಗಿಲು ತೆರೆದೇ ಇತ್ತು, ತಟ್ಟುವ ಕೆಲಸವೂ ಉಳಿದಿರಲಿಲ್ಲ.

ಕೋಣೆ ಬರಿದಾಗಿತ್ತು. ಬರಿ ಮಂಚ, ಕಿಟಕಿಯ ಕಟ್ಟೆಯ ಮೇಲೆ ಒಂದು ಚೀಲ. ಮಂಚದ ಪಕ್ಕ ಒಂದೇ ಒಂದು ಮರದ ಕುರ್ಚಿ, ಅದರ ಕೈ ಮೇಲೆ ಕೆಂಪು ಮೇಣದ ಕಲೆ. ಮೆತ್ತಕ್ಕ ಮಂಚದ ಪಟ್ಟಿಯ ಮೇಲೆ ಕೂತಿದ್ದಳು. ತೆಳ್ಳಗಾಗಿದ್ದಳು. ಮಲ್ಲಿಯನ್ನು ನೋಡಿ ನಕ್ಕಳು, ನಗುವಿನಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ಮಲ್ಲಿಗೆ ಎಷ್ಟೋ ವಾಸಿಯಿತ್ತು.

"ಕೂತ್ಕೊಳ್ಳಿ ಅಕ್ಕ. ಉಳಿದದ್ದೆಲ್ಲ ಕೊಟ್ಟೆ. ಇದು ಇವತ್ತು ಕೊಡೋಣ ಅಂತ ಇಟ್ಕೊಂಡಿದ್ದೆ."

ಮಲ್ಲಿ ಕೂರಲಿಲ್ಲ. ನಿಂತಲ್ಲೇ ಮಾತಿನ ಚೀಲ ಬಿಚ್ಚಿದಳು. ನಿಮ್ಮವರ ರೀತಿ ಅಂತ ಅಂದುಕೊಂಡೆ, ದೊಡ್ಡಮ್ಮ ಹೊರಟಿದ್ದರು ನಾನೇ ತಡೆದೆ, ತೊಂದರೆ ಕೊಡಬಾರದು ಅಂತ, ಒಂದು ದಿನ ಕೆಳಗಿನವರೆಗೂ ಬಂದಿದ್ದೆ ಕಣೆ, ಅಂಗಡಿಯವನನ್ನು ಬೇಕಾದರೆ ಕೇಳು. ಮೆತ್ತಕ್ಕ ಕೇಳುತ್ತಾ ಕೂತಳು, ಮೇಜಿನ ಎದುರು ಯಾವಾಗಲೂ ಕೇಳುತ್ತಿದ್ದ ಹಾಗೆ.

"ಮೊದಮೊದಲು ದಿನಾ ಸಂಜೆ ಕುರ್ಚಿ ಒರೆಸ್ತಿದ್ದೆ," ಎಂದಳು. "ದೊಡ್ಡಮ್ಮನಿಗೆ ಕಿಟಕಿ ಹತ್ರ ಹಾಕಿದ್ದೆ. ಮೆಟ್ಟಿಲು ಹತ್ತಿ ಅವರಿಗೆ ಸುಸ್ತಾಗುತ್ತಲ್ಲ, ಗಾಳಿ ಬರಲಿ ಅಂತ. ನಿಮ್ಮದು ಇಲ್ಲೇ ಇತ್ತು."

ಮಲ್ಲಿಯ ಮಾತು ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಒಂದೇ ಮಾತು.

"ಅವತ್ತು ನನಗೆ ಬೆನ್ನು ನೋವಿರಲಿಲ್ಲ ಕಣೆ."

"ಗೊತ್ತು ಅಕ್ಕ." ಮೆತ್ತಕ್ಕ ಕುರ್ಚಿಯ ಮೇಣದ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನೀವು ಬಂದು ಇದನ್ನ ಹೇಳ್ತೀರಿ ಅಂತಲೇ ಕಾದೆ. ನೀವು ಹೇಳಿದ್ರೆ ನಾನೂ ನನ್ನದು ಹೇಳಬಹುದು ಅಂದ್ಕೊಂಡಿದ್ದೆ. ಡಾಕ್ಟರಿಗೆ ಹೇಳಿದ್ದು ಬೇರೆ. ನಿಮಗೆ ಹೇಳೋದೇ ಬೇರೆ ಇತ್ತು."

"ಈಗ ಹೇಳು. ಈಗ ಕೇಳ್ತೀನಿ. ಒಂದು ಮಾತೂ ಆಡಲ್ಲ."

ಮೆತ್ತಕ್ಕನ ಅಣ್ಣ ಕೆಳಗಿನಿಂದ ತನ್ನ ಭಾಷೆಯಲ್ಲಿ ಕೂಗಿದ. ಮೆತ್ತಕ್ಕ ಉತ್ತರ ಕೊಟ್ಟು ಎದ್ದು ಚೀಲ ಹೆಗಲಿಗೆ ಹಾಕಿದಳು.

"ಮೆಟ್ಟಿಲ ಮೇಲೆ ನಿಂತು ಹೇಳೋವಂಥದ್ದಲ್ಲ ಅಕ್ಕ."

ಮಲ್ಲಿಯ ಕೈಯನ್ನು ಒಮ್ಮೆ ಹಿಡಿದು, ಮೆತ್ತಗೆ ಬಿಟ್ಟು ಇಳಿದು ಹೋದಳು. ಮಲ್ಲಿ ಹಿಂದೆಯೇ ಇಳಿದಳು. ಹೋಗಬೇಡ, ಮತ್ತೆ ಬಾ, ತಪ್ಪಾಯಿತು ಎಂದು ಅವಳದೇ ಮಾತಿನಲ್ಲಿ ಒಂದು ಸಲ ಹೇಳಬೇಕೆನ್ನಿಸಿತು. ಗೊತ್ತಿದ್ದದ್ದು 'ನೀರು', 'ಸಾಕು' ಅಷ್ಟೇ. ವ್ಯಾನು ಬೀದಿ ತಿರುವಿನವರೆಗೂ ಹೋದದ್ದನ್ನು ನೋಡುತ್ತಾ ನಿಂತಳು.

ಆಮೇಲೆ ಮತ್ತೆ ಮೇಲೆ ಹೋಗಿ ಆ ಕುರ್ಚಿಯನ್ನು ಎತ್ತಿಕೊಂಡಳು. ಹಳೆಯ ಕಾಲದ ಮರ, ಹೆಣಭಾರ. ಮೆಟ್ಟಿಲ ಮೇಲೆ ಎರಡು ಸಲ ಇಳಿಸಿ ಉಸಿರು ತೆಗೆದುಕೊಳ್ಳಬೇಕಾಯಿತು. ಸೈಕಲ್ ಅಂಗಡಿಯವನು ಹಿಡಿಯಲು ಬಂದರೆ ಬೇಡವೆಂದಳು. ಬೀದಿಯುದ್ದಕ್ಕೂ ಬಗ್ಗಿಕೊಂಡು ಹೊತ್ತು ಗಾರೆಯವನ ಮನೆ ಮುಂದೆ ತಂದಿಟ್ಟಳು. ನೆಟ್ಟಗೆ ನಿಲ್ಲಲಾಗದೆ ಒಂದು ಕೈಯನ್ನು ಸೊಂಟದ ಹಿಂದೆ ಕೊಟ್ಟುಕೊಂಡಳು, ಕಣ್ಣೀರು ಒಂದೇ ಸಮನೆ ಇಳಿಯುತ್ತಿತ್ತು. ಗಾರೆಯವನು ಬಾಗಿಲಿಗೆ ಬಂದು ನೋಡಿದ. ಕಾಯಿಲೆಯವರನ್ನು ಏನೂ ಕೇಳಬಾರದೆಂದು ಹುಟ್ಟಿನಿಂದ ಕಲಿತ ಮನುಷ್ಯ, ಆದರೂ ಕೇಳಿದ.

"ಏನಾಯ್ತಮ್ಮ, ಬೆನ್ನಾ?"

"ಅಲ್ಲ ಅಣ್ಣ," ಎಂದಳು ಮಲ್ಲಿ. "ಬೆನ್ನಲ್ಲ."

ಅವನು ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ಮಲ್ಲಿ ಇಟ್ಟ ಕುರ್ಚಿಯ ಎದುರಿಗೆ ಹಾಕಿ ಕೂತುಕೊಂಡ.